ಹನ್ನೆರಡು ಗಿಡಗಳ ‘ಕಲರ್‌ಫುಲ್ ಸಕ್ಯುಲೆಂಟ್’ ಕಾಂಬೋ: ಬೆಂಗಳೂರಿನ ರಾಕ್ ಗಾರ್ಡನ್‌ನಲ್ಲಿ ಬಣ್ಣ ಎಷ್ಟು ತಿಂಗಳು?

ಸಕ್ಯುಲೆಂಟ್ ಎಂದರೆ ದಪ್ಪ ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ. ಜಾಹೀರಾತಿನ ಚಿತ್ರದಲ್ಲಿ ಕಾಂಬೋದ ಹನ್ನೆರಡೂ ಗಿಡಗಳು ಒಟ್ಟಿಗೇ ಕೆಂಪು, ಕಿತ್ತಳೆ, ನೇರಳೆ, ಗುಲಾಬಿ. ಮನೆಗೆ ಬಂದ ಪೆಟ್ಟಿಗೆಯಲ್ಲಿ ಮುಕ್ಕಾಲು ಪಾಲು ಹಸಿರು. ಬಣ್ಣದಲ್ಲೇ ಬಂದ ಗಿಡಗಳೂ ಎರಡು ತಿಂಗಳಲ್ಲಿ ಹಸಿರಿಗೆ ತಿರುಗುತ್ತವೆ. ಆನ್‌ಲೈನ್‌ನಲ್ಲಿ, ನರ್ಸರಿಗಳಲ್ಲಿ ನಾನಾ ಹೆಸರಿನಲ್ಲಿ ಮಾರುವ ಈ ಕಾಂಬೋಗಳ ಬಗ್ಗೆ ಕೇಳಿಬರುವ ದೂರೆಲ್ಲ ಇಷ್ಟೇ: ಬಣ್ಣ ನಿಲ್ಲಲಿಲ್ಲ. ಚಿತ್ರದಲ್ಲಿರುವುದು ಚಳಿಗಾಲದ ಎಲೆ ಎಂದು ಮಾರುವವರು ಬರೆಯುವುದಿಲ್ಲ. ಅದೇ ಗಿಡ ಜುಲೈನಲ್ಲಿ ಹಸಿರಾಗಿದ್ದರೆ ಅದು ಆರೋಗ್ಯದ ಲಕ್ಷಣ.

ಆದ್ದರಿಂದ ಈ ವಿಮರ್ಶೆಯಲ್ಲಿ ಅಳತೆಗೋಲು ಒಂದೇ. ಬೆಂಗಳೂರಿನ ಹವೆಯಲ್ಲಿ, ನೆಲದ ಮೇಲೆ ಕಟ್ಟಿದ ಕಲ್ಲುತೋಟದಲ್ಲಿ, ಈ ಕಾಂಬೋಗಳಲ್ಲಿ ಮತ್ತೆ ಮತ್ತೆ ಬರುವ ಹನ್ನೆರಡು ಗಿಡಗಳ ಪೈಕಿ ಯಾವುದು ಎಷ್ಟು ಕಾಲ ಬಣ್ಣ ಕೊಡುತ್ತದೆ? ಇಡೀ ಕಾಂಬೋ ಕಟ್ಟಿಗೆ 5ಕ್ಕೆ 2.5 ಅಂಕ. ಹನ್ನೆರಡರಲ್ಲಿ ಐದು ಗಿಡ ಪೂರ್ತಿ ಅಂಕಕ್ಕೆ ಯೋಗ್ಯ. ಎರಡು ಅರ್ಧ ಅಂಕಕ್ಕೆ. ಉಳಿದವು ಜಾಗ ತುಂಬಲು ಹಾಕಿದವು.

ಮೊದಲು ಬಣ್ಣ ಬರುವ ಬಗೆ. ಸೀಡಮ್, ಎಚೆವೇರಿಯಾ, ಕ್ರಾಸುಲಾ ಜಾತಿಯ ಎಲೆಗಳು ಕೆಂಪಾಗುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ. ನೇರಳೆ ಹಣ್ಣಿಗೂ ಬದನೆಕಾಯಿ ಸಿಪ್ಪೆಗೂ ಬಣ್ಣ ಕೊಡುವುದು ಅದೇ. ಹಗಲು ಚುರುಕು ಬಿಸಿಲಿದ್ದು ರಾತ್ರಿ ತಂಪಾದರೆ, ಎಲೆಯಲ್ಲಿ ತಯಾರಾದ ಸಕ್ಕರೆ ಬೆಳವಣಿಗೆಗೆ ಪೂರ್ತಿ ಖರ್ಚಾಗದೆ ಉಳಿಯುತ್ತದೆ. ಹೆಚ್ಚಾದ ಬೆಳಕಿನಿಂದ ಕಾಪಾಡಿಕೊಳ್ಳಲು ಎಲೆ ಈ ಕೆಂಪು ಪರದೆಯನ್ನು ಕಟ್ಟಿಕೊಳ್ಳುತ್ತದೆ. ನೀರೂ ಸಾರಜನಕವೂ ಕಡಿಮೆಯಾದಷ್ಟು ಪರದೆ ಗಟ್ಟಿ. ಅಂದರೆ ಮೂರು ಕೂಡಿಬರಬೇಕು: ದಿನಕ್ಕೆ ಐದಾರು ಗಂಟೆ ನೇರ ಬಿಸಿಲು, ತಂಪು ರಾತ್ರಿ, ಒಣ ಬೇರು. ಒಂದು ತಪ್ಪಿದರೂ ಬಣ್ಣ ಅರೆಬರೆ.

ಬೆಂಗಳೂರಿನಲ್ಲಿ ಈ ಮೂರೂ ಕೂಡುವುದು ವರ್ಷಕ್ಕೊಮ್ಮೆ. ಸುಮಾರು 920 ಮೀಟರ್ ಎತ್ತರದ ಊರು, ಜನವರಿಯ ರಾತ್ರಿಗಳು ಸರಾಸರಿ 15–16 ಡಿಗ್ರಿಗೆ ಇಳಿಯುತ್ತವೆ. ದೀಪಾವಳಿಯ ಮಳೆ ನಿಂತ ಮೇಲೆ ನವೆಂಬರ್ ಕೊನೆಗೆ ಎಲೆಯ ಅಂಚು ಕೆಂಪೇರಲು ಶುರು. ಧನುರ್ಮಾಸದಲ್ಲಿ ಬಣ್ಣ ತುಂಬುತ್ತದೆ, ಸಂಕ್ರಾಂತಿಯ ಹೊತ್ತಿಗೆ ತುತ್ತತುದಿ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೊರಟುಹೋದ ಹಾಗೆ ಈ ಕೆಂಪೂ ಹೊರಡುತ್ತದೆ. ಕೆಲವು ಜಾತಿ ಮಾತ್ರ ಬರೀ ಬಿಸಿಲಿನ ಬಲದಿಂದ ಏಪ್ರಿಲ್–ಮೇವರೆಗೆ ತಾಮ್ರದ ಬಣ್ಣ ಉಳಿಸಿಕೊಳ್ಳುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡ, ಮಳೆ, ಹಸಿರು.

ಇನ್ನು ಗಿಡಗಳಿಗೆ ಬರೋಣ.

ಎಲ್ಲಕ್ಕಿಂತ ಮುಂದೆ ನಿಲ್ಲುವುದು ಕ್ರಾಸುಲಾ ‘ಕ್ಯಾಂಪ್‌ಫೈರ್’. ಮಳೆಗಾಲದಲ್ಲಿ ಇದನ್ನು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ನೆಲಕ್ಕೆ ಬಾಗಿದ ತಿಳಿಹಸಿರು ಕಾಂಡ, ಜೋಡಿ ಜೋಡಿಯಾಗಿ ಒಂದಕ್ಕೊಂದು ಅಡ್ಡಡ್ಡ ಕೂತ ಎಲೆ, ಅಷ್ಟೇ. ಡಿಸೆಂಬರ್ ಎರಡನೇ ವಾರದಲ್ಲಿ ಒಂದು ಕಾಂಡವನ್ನು ಹತ್ತಿರದಿಂದ ನೋಡಿ. ಬಿಸಿಲಿಗೆ ಮುಖಮಾಡಿದ ಎಲೆಯ ತುದಿ ಕುಂಕುಮದ ಬಣ್ಣಕ್ಕೆ ಬಂದಿರುತ್ತದೆ, ಅದರ ಹಿಂದೆ ಕಿತ್ತಳೆಯ ಪಟ್ಟೆ, ಬುಡದಲ್ಲಿ ಇನ್ನೂ ಹಸಿರು. ಮೇಲಿನ ಎಲೆಯ ನೆರಳು ಬಿದ್ದ ಕಡೆ ಆ ನೆರಳಿನ ಆಕಾರದಲ್ಲೇ ಹಸಿರು ಉಳಿದಿರುತ್ತದೆ. ಬೆಳಕು ತಾಗಿದಲ್ಲಿ ಮಾತ್ರ ಬಣ್ಣ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಜನವರಿಗೆ ಇಡೀ ಕಾಂಡವೇ ಕೆಂಪು. ಮಾರ್ಚ್‌ನಲ್ಲಿ ಮೊದಲು ನಡುವಿನ ಚಿಗುರು ಹಸಿರಾಗುತ್ತದೆ, ಆಮೇಲೆ ಉಳಿದದ್ದು. ಇದನ್ನು ಅತಿಯಾಗಿ ಒಣಗಿಸಬಾರದು, ಬುಡದ ಎಲೆಗಳು ಉದುರಿ ಕಾಂಡ ಬೋಳಾಗುತ್ತದೆ. ಚಳಿಗಾಲದಲ್ಲಿ 10–12 ದಿನಕ್ಕೊಮ್ಮೆ ನೀರು ಸಾಕು. ಬೋಳಾದರೆ ತುದಿಯಿಂದ ಎರಡು ಇಂಚು ಕತ್ತರಿಸಿ, ಮೂರು ದಿನ ನೆರಳಲ್ಲಿ ಗಾಯ ಒಣಗಿಸಿ, ಮತ್ತೆ ಊರಬಹುದು.

ಎರಡನೆಯದು ಕಾಪರ್‌ಟೋನ್ ಸೀಡಮ್, ಮೂಲ ಮೆಕ್ಸಿಕೋದ್ದು. ವರ್ಷದಲ್ಲಿ ಹೆಚ್ಚು ತಿಂಗಳು ಬಣ್ಣ ಕೊಡುವ ಗಿಡ ಬೇಕೆಂದರೆ ಇದನ್ನೇ ಕೊಳ್ಳಿ. ಚಳಿಯಿಲ್ಲದಿದ್ದರೂ ಬಿಸಿಲಿದ್ದರೆ ಸಾಕು, ನವೆಂಬರ್‌ನಿಂದ ಮೇವರೆಗೆ ಹೊಸ ತಾಮ್ರದ ತಂಬಿಗೆಯ ಬಣ್ಣದಲ್ಲಿರುತ್ತದೆ. ನೆರಳಿಗಿಟ್ಟರೆ ಹದಿನೈದಿಪ್ಪತ್ತು ದಿನದಲ್ಲಿ ಹಳದಿ ಹಸಿರು. ಇದನ್ನು ಬಂಡೆಯ ಹಣೆಯ ಮೇಲೆ, ಕಾಂಡ ಇಳಿಬೀಳುವಂತೆ ನೆಡಬೇಕು.

ಘೋಸ್ಟ್ ಪ್ಲಾಂಟ್ ಎಂದು ಕರೆಯುವ ಗ್ರ್ಯಾಪ್ಟೊಪೆಟಲಮ್ ಮೂರನೆಯದು. ಬೆಲೆಯಲ್ಲಿ ಎಲ್ಲಕ್ಕಿಂತ ಅಗ್ಗ, ಗಟ್ಟಿತನದಲ್ಲಿ ಎಲ್ಲಕ್ಕಿಂತ ಮೇಲು. ನೆರಳಲ್ಲಿ ನೀಲಿ ಬೂದು, ಚಳಿಯ ಎಳೆಬಿಸಿಲಲ್ಲಿ ತಾವರೆ ಗುಲಾಬಿ, ಏಪ್ರಿಲ್ ಬಿಸಿಲಲ್ಲಿ ಹಳದಿ ಮಿಶ್ರಿತ ಗುಲಾಬಿ. ಎಲೆಯ ಮೇಲೆ ವಿಭೂತಿ ಸವರಿದಂಥ ತೆಳು ಪುಡಿ ಇರುತ್ತದೆ. ಹೆಬ್ಬೆರಳು ತಾಗಿದರೆ ಗುರುತು ಉಳಿಯುತ್ತದೆ, ಆ ಎಲೆಯಲ್ಲಿ ಅಳಿಸಿಹೋದ ಪುಡಿ ಮತ್ತೆ ಬರುವುದಿಲ್ಲ. ಈ ಪುಡಿಯೇ ಎಲೆಗೆ ಬಿಸಿಲಿನ ಕೊಡೆ. ಧೂಳು ಕೂತಿದೆ ಎಂದು ಬಟ್ಟೆಯಲ್ಲಿ ಒರೆಸಿದರೆ ಗುಲಾಬಿ ಬಣ್ಣದ ಬದಲು ಸುಟ್ಟ ಕಲೆ ಸಿಗುತ್ತದೆ. ಧೂಳನ್ನು ಊದಿ ತೆಗೆಯಿರಿ. ನೆಡುವಾಗ ಕಾಂಡ ಹಿಡಿಯಿರಿ, ಎಲೆ ಮುಟ್ಟಬೇಡಿ.

ನಾಲ್ಕನೆಯದು ‘ಸ್ಟಿಕ್ಸ್ ಆನ್ ಫೈರ್’. ಹೊಲದ ಬೇಲಿಗಳಲ್ಲಿ ಕಾಣುವ, ಎಲೆಯಿಲ್ಲದ ಹಸಿರು ಕಡ್ಡಿಯಂಥ ಕಳ್ಳಿಯ ಬಣ್ಣದ ತಳಿ ಇದು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಜಾತಿಗೆ ಕೊಟ್ಟ ಹೆಸರು ಯೂಫೋರ್ಬಿಯಾ ತಿರುಕಲ್ಲಿ. ಆ ‘ಕಲ್ಲಿ’ ಮಲಯಾಳದಿಂದ ಹೋದದ್ದು, ನಮ್ಮ ‘ಕಳ್ಳಿ’ಯೇ. ಚಳಿಗಾಲದಲ್ಲಿ ತುದಿಕಡ್ಡಿಗಳು ಹವಳದ ಕೆಂಪು, ಬೇಸಿಗೆಯಲ್ಲಿ ಹಳದಿ, ಮಳೆಗಾಲದಲ್ಲಿ ಹಸಿರು. ಆಳೆತ್ತರಕ್ಕೆ ಬೆಳೆಯುತ್ತದೆ, ಹಾಗಾಗಿ ತೋಟದ ಹಿಂಬದಿಗೆ, ಬಂಡೆಯ ಬೆನ್ನಿಗೆ ಇದರ ಜಾಗ. ಮುರಿದಲ್ಲಿ ಒಸರುವ ಬಿಳಿ ಹಾಲು ಮಾತ್ರ ಅಪಾಯಕಾರಿ. ಚರ್ಮ ಉರಿಯುತ್ತದೆ, ಕಣ್ಣಿಗೆ ಬಿದ್ದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿ ಓಡಬೇಕು. ಕತ್ತರಿಸುವಾಗ ಕೈಗವಸು, ಕನ್ನಡಕ ಕಡ್ಡಾಯ. ಪುಟ್ಟ ಮಕ್ಕಳು ಆಡುವ ತೋಟಕ್ಕೆ ಈ ಗಿಡ ಬೇಡವೇ ಬೇಡ. ಇಷ್ಟು ಮುಖ್ಯವಾದ ಎಚ್ಚರಿಕೆಯನ್ನು ಕಾಂಬೋದ ಚೀಟಿಯಲ್ಲಿ ಹಾಕದಿರುವುದು ದೊಡ್ಡ ತಪ್ಪು.

ಐದನೆಯದು ಜೆಲ್ಲಿ ಬೀನ್ ಸೀಡಮ್. ಹೆಸರುಕಾಳು ಗಾತ್ರದಿಂದ ಕಡಲೆಕಾಯಿ ಬೀಜದ ಗಾತ್ರದವರೆಗಿನ ದುಂಡೆಲೆ, ತುದಿಯಲ್ಲಿ ಕೆಂಪು. ಮುಟ್ಟಿದರೆ ಉದುರುತ್ತದೆ, ಪೆಟ್ಟಿಗೆಯಲ್ಲಿ ಅರ್ಧ ಎಲೆ ಕಳಚಿಕೊಂಡೇ ಬರುತ್ತದೆ. ಇದಕ್ಕಾಗಿ ಗಿಡ ವಾಪಸ್ ಕಳಿಸುವುದು ಬೇಡ. ಉದುರಿದ ಎಲೆಗಳನ್ನು ಬೇಬಿ ಜಲ್ಲಿಯ ಸಂದಿಗಳಲ್ಲಿ ಚೆಲ್ಲಿದರೆ ಒಂದು ತಿಂಗಳೊಳಗೆ ಬೇರು ಬಿಡುತ್ತವೆ.

ಅರ್ಧ ಅಂಕದ ಎರಡು: ಫ್ಲ್ಯಾಪ್‌ಜ್ಯಾಕ್ ಕಲಾಂಕೋ ಮತ್ತು ಎಚೆವೇರಿಯಾ ‘ಪರ್ಲ್ ಫಾನ್ ನ್ಯೂರ್ನ್‌ಬರ್ಗ್’. ಫ್ಲ್ಯಾಪ್‌ಜ್ಯಾಕ್‌ನ ಅಂಗೈಯಗಲದ ಎಲೆಗೆ ಜನವರಿಯಲ್ಲಿ ಬರುವ ದಾಳಿಂಬೆ ಕೆಂಪು ಅಂಚು ಬಹಳ ಚೆಂದ, ಆದರೆ ಹೂವು ಬಿಟ್ಟ ತಾಯಿಗಿಡ ಸಾಯುತ್ತದೆ. ನಡುವಿನಿಂದ ಹೂವಿನ ದಂಟು ಏಳುವುದು ಕಂಡ ಕೂಡಲೇ ಬುಡದ ಮರಿಗಳನ್ನು ಗುರುತಿಟ್ಟುಕೊಳ್ಳಿ. ಚೀಟಿಯಲ್ಲಿ ‘ಥೈರ್ಸಿಫ್ಲೋರಾ’ ಎಂದು ಬರೆದಿದ್ದರೂ ಹೆಚ್ಚಿನಂಶ ಸಿಗುವುದು ಅದರ ಸೋದರ ಜಾತಿ ‘ಲೂಸಿಯೇ’. ಕೆಂಪು ಚೆನ್ನಾಗಿ ಬರುವುದೂ ಅದಕ್ಕೇ, ಆದ್ದರಿಂದ ನಷ್ಟವಿಲ್ಲ. ಎಚೆವೇರಿಯಾದ ಮುತ್ತಿನ ನೇರಳೆ ಬಣ್ಣಕ್ಕೆ ಸಾಟಿಯಿಲ್ಲ. ಆದರೆ ಗುಲಾಬಿಯಂತೆ ಸುತ್ತಿದ ಎಲೆಗಳ ನಡುವೆ ಮಳೆನೀರು ನಿಂತರೆ ಮೂರೇ ದಿನದಲ್ಲಿ ನಡುವು ಕೊಳೆಯಬಹುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೇಲೆ ಪಾರದರ್ಶಕ ಶೀಟು ಬೇಕೇ ಬೇಕು. ತೆರೆದ ಕಲ್ಲುತೋಟಕ್ಕೆ ಇದು ಹೊಂದುವ ಗಿಡವಲ್ಲ, ಕುಂಡದಲ್ಲಿಟ್ಟು ಚಳಿಗಾಲದಲ್ಲಿ ಮಾತ್ರ ಕಲ್ಲುಗಳ ನಡುವೆ ಕೂರಿಸಬಹುದು.

ಉಳಿದವನ್ನು ಬೇಗ ಮುಗಿಸಬಹುದು. ‘ಜೇಡ್’ ಎಂಬ ಚೀಟಿಯಲ್ಲಿ ಬರುವುದು ಬಹುತೇಕ ಪೋರ್ಚುಲಕೇರಿಯಾ. ಕೆಂಗಂದು ಕಾಂಡ, ಕಿರುಬೆರಳ ಉಗುರಿನಷ್ಟು ಎಲೆ ಇದ್ದರೆ ಅದೇ. ಸಾಯುವುದಿಲ್ಲ, ಆದರೆ ಬಣ್ಣ ಅಂಚಿಗಷ್ಟೇ ಸೀಮಿತ. ಜೀಬ್ರಾ ಹಾವರ್ಥಿಯಾ ನೆರಳು ಬಯಸುವ ಗಿಡ, ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಬಿಸಿಲು ಜಾಸ್ತಿಯಾಯಿತು ಎಂದೇ ಅರ್ಥ. ಕಪ್ಪು ಏಯೋನಿಯಮ್ ಚಳಿಯಲ್ಲಿ ಬೆಳೆದು ಬೇಸಿಗೆಯಲ್ಲಿ ಮಲಗುವ ಗಿಡ. ಏಪ್ರಿಲ್‌ನಲ್ಲಿ ಎಲೆ ಮುಚ್ಚಿಕೊಂಡಾಗ ಬಾಡಿತೆಂದು ನೀರು ಸುರಿದರೆ ಬೇರು ಹೋಗುತ್ತದೆ. ಯುರೋಪಿನ ಪರ್ವತಗಳ ಸೆಂಪರ್ವೈವಮ್‌ಗೆ ನಮ್ಮ ಚಳಿ ಸಾಲದು, ಮಳೆ ಹೆಚ್ಚು. ಮೂನ್ ಕ್ಯಾಕ್ಟಸ್‌ನ ಕೆಂಪು ಮಂಡೆ ಪತ್ರಹರಿತ್ತು (ಗಿಡಕ್ಕೆ ಹಸಿರು ಕೊಡುವ ದ್ರವ್ಯ) ಇಲ್ಲದ ತಳಿಯನ್ನು ಹಸಿರು ಕಳ್ಳಿಯ ಮೇಲೆ ಕಸಿ ಕಟ್ಟಿದ್ದು. ಅದಕ್ಕೆ ಋತುವಿನ ಹಂಗಿಲ್ಲ, ಬಯಲಿನ ಬಿಸಿಲಲ್ಲಿ ಸುಟ್ಟುಹೋಗುತ್ತದೆ. ಕೆಲವು ಕಟ್ಟುಗಳಲ್ಲಿ ಈ ಹನ್ನೆರಡರಲ್ಲಿ ಒಂದರ ಬದಲು ಬರುವುದು ಬಣ್ಣ ಸಿಂಪಡಿಸಿದ ಗಿಡ. ಇದನ್ನು ಮಾರಲೇಬಾರದು. ಪೇಂಟ್ ಎಲೆಗೆ ಬೆಳಕು ಹೋಗದಂತೆ, ಉಸಿರಾಟದ ರಂಧ್ರ ತೆರೆಯದಂತೆ ಮುಚ್ಚುತ್ತದೆ. ಪತ್ತೆಹಚ್ಚುವುದು ಸುಲಭ: ನೀಲಿ, ಗಾಢ ಗುಲಾಬಿಯಂಥ ಬಣ್ಣ ಇಡೀ ಎಲೆಗೆ ಒಂದೇ ಸಮ ಇದ್ದು, ನಡುವಿನ ಎಳೆಚಿಗುರು ಮಾತ್ರ ಹಸಿರಾಗಿದ್ದರೆ, ಎಲೆ ಬಾಗುವಲ್ಲಿ ಸಿಪ್ಪೆ ಬಿರಿದಿದ್ದರೆ ಅದು ಪೇಂಟೇ. ಕಳ್ಳಿಯ ತಲೆಯ ಮೇಲೆ ಅಂಟಿನಿಂದ ಕೂರಿಸಿದ ಒಣ ಹೂವೂ ಇದೇ ಜಾತಿಯ ವ್ಯಾಪಾರ.

ಪ್ಯಾಕಿಂಗ್ ಬಗ್ಗೆ ಒಂದು ಮಾತು. ಗಿಡ ಕುಂಡವಿಲ್ಲದೆ, ಬೇರಿಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಅಂಟಿಕೊಂಡು ಬರುತ್ತದೆ, ಕೆಲವೊಮ್ಮೆ ಅದರ ಸುತ್ತ ನೈಲಾನ್ ಬಲೆಯ ಚೀಲವೂ ಇರುತ್ತದೆ. ಹಾಗೆಯೇ ನೆಟ್ಟರೆ ಸುತ್ತಲಿನ ಮಣ್ಣು ಒಣಗಿದರೂ ಉಂಡೆಯೊಳಗೆ ತೇವ ಕೂತಿರುತ್ತದೆ. ಬೇರು ಕೊಳೆಯುವುದು ಅಲ್ಲಿಂದಲೇ. ಬಲೆ ಕತ್ತರಿಸಿ, ಉಂಡೆಯನ್ನು ನೀರಲ್ಲಿ ಅದ್ದಿ ಬಿಡಿಸಿ, ಬೇರನ್ನು ಎರಡು ಮೂರು ದಿನ ನೆರಳಲ್ಲಿ ಒಣಗಿಸಿ. ಬೇರಿನ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ ಅದು ಹಿಟ್ಟುತಿಗಣೆ. ಆ ಗಿಡವನ್ನು ಬೇರೆಯವುಗಳ ಹತ್ತಿರವೂ ಇಡಬೇಡಿ. ಒಣ ಮಿಶ್ರಣದಲ್ಲಿ ನೆಟ್ಟು ಐದಾರು ದಿನ ಕಳೆದ ಮೇಲೆ ಮೊದಲ ನೀರು. ಬಿಸಿಲಿಗೂ ಹಂತ ಬೇಕು: ಮೊದಲ ವಾರ ಬೆಳಗ್ಗೆ ಒಂಬತ್ತರವರೆಗೆ, ಎರಡನೇ ವಾರ ಹನ್ನೊಂದರವರೆಗೆ, ಮೂರನೇ ವಾರ ಮಧ್ಯಾಹ್ನದವರೆಗೆ. ಮೊದಲ ದಿನವೇ ಬಿರುಬಿಸಿಲಿಗಿಟ್ಟರೆ ಎಲೆಯಲ್ಲಿ ಬೆಳ್ಳಗೋ ಕಂದಾಗಿಯೋ ಸುಟ್ಟ ಕಲೆ ಬೀಳುತ್ತದೆ. ಕೆಂಪು ಬಣ್ಣ ಬಂದು ಹೋಗುತ್ತದೆ, ಸುಟ್ಟ ಕಲೆ ಎಲೆ ಉದುರುವವರೆಗೂ ಹೋಗುವುದಿಲ್ಲ.

ಕಲ್ಲುತೋಟದ ಮಿಶ್ರಣಕ್ಕೆ ಲೆಕ್ಕ ಹೀಗೆ. ನಾಲ್ಕಡಿಗೆ ಮೂರಡಿ, ಎಂಟು ಇಂಚು ಎತ್ತರದ ಮಡಿಗೆ 20 ಲೀಟರಿನ ಬಕೆಟ್ಟಿನಲ್ಲಿ ಬೇಬಿ ಜಲ್ಲಿ ಅಥವಾ ಇಟ್ಟಿಗೆ ಚೂರು 5, ದಪ್ಪ ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) 2, ಕೆಂಪುಮಣ್ಣು 3, ಎರೆಗೊಬ್ಬರ 1. ಎಂ ಸ್ಯಾಂಡನ್ನು ಜರಡಿ ಹಿಡಿದು, ತೊಳೆದೇ ಹಾಕಬೇಕು. ಅದರ ಕಲ್ಲುಹುಡಿ ಮಳೆಗೆ ಸಿಮೆಂಟಿನಂತೆ ಹೆಪ್ಪುಗಟ್ಟುತ್ತದೆ. ಗೊಬ್ಬರ ಒಂದು ಬಕೆಟ್ ದಾಟಿದರೆ ಗಿಡ ಸೊಂಪಾಗಿ ಬೆಳೆದು ಹಸಿರಾಗಿಯೇ ಉಳಿಯುತ್ತದೆ. ಸೆಪ್ಟೆಂಬರ್ ನಂತರ ಫೆಬ್ರವರಿವರೆಗೆ ಗೊಬ್ಬರದ ಮಾತೇ ಬೇಡ. ಕಲ್ಲುಗಳನ್ನು ಮೂರನೇ ಒಂದು ಭಾಗ ಮಣ್ಣಿನಲ್ಲಿ ಹೂತು, ಸ್ವಲ್ಪ ಹಿಂದಕ್ಕೆ ವಾಲಿಸಿ ಕೂರಿಸಿ. ಎಲೆಗೂ ಕಲ್ಲಿಗೂ ನಡುವೆ ಎರಡು ಬೆರಳು ಜಾಗ ಇರಲಿ, ಏಪ್ರಿಲ್‌ನಲ್ಲಿ ಕಾದ ಕಲ್ಲು ತಾಗಿದ ಎಲೆ ಬೇಯುತ್ತದೆ. ಈ ಮಡಿ ನೆನೆದಾಗ ಚದರ ಮೀಟರಿಗೆ 300 ಕಿಲೋ ದಾಟುತ್ತದೆ, ಕಲ್ಲಿನ ತೂಕ ಬೇರೆ. ಸಾಮಾನ್ಯ ತಾರಸಿಯನ್ನು ಅದರ ಅರ್ಧದಷ್ಟು ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಎಂಜಿನಿಯರ್‌ರನ್ನು ಕೇಳದೆ ತಾರಸಿಯ ಮೇಲೆ ಇದನ್ನು ಕಟ್ಟಬೇಡಿ.

ಎಲ್ಲ ಸರಿಯಿದ್ದೂ ಡಿಸೆಂಬರ್‌ನಲ್ಲಿ ಬಣ್ಣ ಬರದಿದ್ದರೆ ಮೊದಲು ನೋಡಬೇಕಾದದ್ದು ದಕ್ಷಿಣದ ಗೋಡೆ. ಬೆಂಗಳೂರಿನಲ್ಲಿ ಡಿಸೆಂಬರ್ 21ರ ನಡುಹಗಲಿಗೆ ಸೂರ್ಯ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೂರಡಿ ಎತ್ತರದ ಕಾಂಪೌಂಡ್ ಗೋಡೆಯ ನೆರಳು ಆಗ ಎರಡೂಕಾಲು ಅಡಿ ಒಳಕ್ಕೆ ಬೀಳುತ್ತದೆ, ಬೆಳಗ್ಗೆ ಸಂಜೆ ಇನ್ನೂ ಉದ್ದ. ಜೂನ್‌ನಲ್ಲಿ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುವುದರಿಂದ ಅದೇ ಜಾಗ ಪೂರ್ತಿ ಬಿಸಿಲಿನಲ್ಲಿರುತ್ತದೆ. ಮೇ ತಿಂಗಳಲ್ಲಿ ಬಿಸಿಲು ನೋಡಿ ಜಾಗ ಆರಿಸಿದವರಿಗೆ ಚಳಿಗಾಲದಲ್ಲಿ ನೆರಳು ಸಿಗುವುದು ಹೀಗೆ. ಗೋಡೆಯಿಂದ ಕನಿಷ್ಠ ನಾಲ್ಕಡಿ ಬಿಟ್ಟು, ತೋಟದ ಇಳಿಜಾರು ದಕ್ಷಿಣಕ್ಕೆ ಅಥವಾ ಪೂರ್ವಕ್ಕೆ ಇರುವಂತೆ ಕಟ್ಟಿ.

ಎರಡನೆಯ ಕಾರಣ ನೀರು. ಊದುಬತ್ತಿಯ ಕಡ್ಡಿಯನ್ನು ಮೂರು ಇಂಚು ಆಳಕ್ಕೆ ಚುಚ್ಚಿ ತೆಗೆಯಿರಿ. ಕಡ್ಡಿಗೆ ಮಣ್ಣು ಅಂಟಿದ್ದರೆ ನೀರು ಬೇಡ. ಕಾಪರ್‌ಟೋನ್, ಘೋಸ್ಟ್ ಪ್ಲಾಂಟ್‌ಗಳು ಚಳಿಗಾಲದಲ್ಲಿ 15–20 ದಿನ ತಡೆಯುತ್ತವೆ. ಬುಡದ ಎಲೆ ಒತ್ತಿದರೆ ಕೊಂಚ ಮೆತ್ತಗಾಗುವವರೆಗೆ ಕಾಯಬಹುದು. ಕೊಟ್ಟಾಗ ಮಾತ್ರ ಬುಡದಿಂದ ಹರಿದುಹೋಗುವಷ್ಟು ಕೊಡಬೇಕು.

ಒಂದು ಕೆಂಪಿಗೆ ಮಾತ್ರ ಸಂತೋಷಪಡಬಾರದು. ಆಗಸ್ಟ್–ಸೆಪ್ಟೆಂಬರ್‌ನ ಜಡಿಮಳೆಯಲ್ಲಿ ಒಂದೇ ಗಿಡ ಇದ್ದಕ್ಕಿದ್ದಂತೆ ಕೆಂಪಾಗಿ, ತೇವವಿದ್ದೂ ಎಲೆ ಸುಕ್ಕುಗಟ್ಟಿದ್ದರೆ ಬೇರು ಸತ್ತಿದೆ. ಕಿತ್ತು, ಕಾಂಡವನ್ನು ಕೊಯ್ಯುತ್ತ ಬನ್ನಿ. ಒಳಗೆ ಕಂದು ಚುಕ್ಕೆ ಕಾಣದ ಹಸಿರು ಸಿಕ್ಕ ಮೇಲೆ ನಿಲ್ಲಿಸಿ, ವಾರ ಒಣಗಿಸಿ, ಹೊಸದಾಗಿ ಊರಿ. ಎಲೆ ಹಳದಿಯಾಗಿ ಗಾಜಿನಂತೆ ಪಾರದರ್ಶಕವಾದರೆ ಅದೂ ನೀರು ಹೆಚ್ಚಾದದ್ದೇ.

ಬೇಸಿಗೆಗೆ ಮಾರ್ಚ್ ಮಧ್ಯದಿಂದ ಮೇ ಕೊನೆವರೆಗೆ, ಬೆಳಗ್ಗೆ ಹನ್ನೊಂದರಿಂದ ಮೂರೂವರೆವರೆಗೆ 50 ಶೇಕಡಾ ನೆರಳುಬಲೆ ಹಾಕಿ. ಕಾಪರ್‌ಟೋನ್‌ಗೂ ಕಡ್ಡಿಕಳ್ಳಿಗೂ ಬಲೆ ಬೇಡ. ಏಪ್ರಿಲ್–ಮೇ ಸಂಜೆಯ ಆಲಿಕಲ್ಲು ಮಳೆಗೂ ಇದೇ ಬಲೆ ರಕ್ಷಣೆ. ಆಲಿಕಲ್ಲು ಬಿದ್ದ ಎಲೆಯ ಗುಳಿ ವರ್ಷವಿಡೀ ಉಳಿಯುತ್ತದೆ.

ಬೇರೆ ಊರಿನವರಿಗೆ ಲೆಕ್ಕ ಬೇರೆ. ಧಾರವಾಡ, ಬೆಳಗಾವಿಯ ಚಳಿಗಾಲ ಬೆಂಗಳೂರಿನಷ್ಟೇ ಒಳ್ಳೆಯದು. ಕಲಬುರಗಿ, ರಾಯಚೂರಿನಲ್ಲಿ ಡಿಸೆಂಬರ್–ಜನವರಿಯ ಬಣ್ಣ ಚೆನ್ನ, ಆದರೆ 40 ಡಿಗ್ರಿ ದಾಟುವ ಬೇಸಿಗೆಗೆ ಬಲೆಯ ಜೊತೆ ಸಂಜೆ ನೆರಳೂ ಬೇಕು. ಮಂಗಳೂರಿನಲ್ಲಿ ಚಳಿಗಾಲದ ರಾತ್ರಿಯೂ 20 ಡಿಗ್ರಿಯ ಆಸುಪಾಸು. ಕ್ಯಾಂಪ್‌ಫೈರ್ ಅಲ್ಲಿ ಕೆಂಪಿನ ಛಾಯೆ ತೋರಿಸಿ ನಿಲ್ಲುತ್ತದೆ. ಕರಾವಳಿಗೆ ಬಿಸಿಲೊಂದರಿಂದಲೇ ಬಣ್ಣ ಪಡೆಯುವ ಕಾಪರ್‌ಟೋನ್ ಸಾಕು, ಅದೂ ಮಳೆಗಾಲದಲ್ಲಿ ಸೂರಿನಡಿ. ಮಡಿಕೇರಿಯಲ್ಲಿ ಚಳಿ ಇದೆ, ಆದರೆ ಸೂರಿಲ್ಲದೆ ಯಾವ ಗಿಡವೂ ಜುಲೈ ದಾಟದು.

ಕೊಳ್ಳುವುದಾದರೆ ಕಟ್ಟು ಬೇಡ. ಮೇಲಿನ ಐದು ಜಾತಿಯನ್ನು ಬಿಡಿಬಿಡಿಯಾಗಿ, ಒಂದೊಂದರಲ್ಲಿ ಎರಡು ಮೂರು ಗಿಡ ತೆಗೆದುಕೊಳ್ಳಿ; ಕಲ್ಲುತೋಟದಲ್ಲಿ ಒಂದೇ ಬಣ್ಣ ಗುಂಪಾಗಿದ್ದರೇ ಕಣ್ಣಿಗೆ ಕಾಣುವುದು. ಲಾಲ್‌ಬಾಗ್‌ನ ಜನವರಿ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಗಿಡಗಳು ಬಣ್ಣದ ತುದಿಯಲ್ಲಿರುತ್ತವೆ, ಆಗಸ್ಟ್ ಪ್ರದರ್ಶನದ ಹೊತ್ತಿಗೆ ಅವೇ ಗಿಡಗಳು ಹಸಿರು. ಜನವರಿಯಲ್ಲಿ ಹೋಗಿ ಯಾವ ಜಾತಿ ಎಂಥ ಬಣ್ಣ ಕೊಡುತ್ತದೆ ಎಂದು ನೋಡಿಟ್ಟುಕೊಳ್ಳಿ, ಕೊಳ್ಳುವುದು ಅಕ್ಟೋಬರ್ ಕೊನೆಗಿರಲಿ. ಆಗ ಗಿಡ ಆರಿಸುವಾಗ ಬಣ್ಣ ನೋಡಬೇಡಿ. ಎಲೆಗಳ ನಡುವಿನ ಅಂತರ ಕಿರಿದಾಗಿದೆಯೇ, ಕಾಂಡ ಅಲ್ಲಾಡಿಸಿದರೆ ಬುಡ ಗಟ್ಟಿಯಾಗಿದೆಯೇ, ಕುಂಡದ ತೂತಿನಲ್ಲಿ ಬಿಳಿ ಬೇರು ಕಾಣುತ್ತಿದೆಯೇ ಎಂದು ನೋಡಿ. ಬೇರು ಹಿಡಿಯಲು ನವೆಂಬರ್ ಒಂದು ತಿಂಗಳು ಸಿಕ್ಕರೆ ಧನುರ್ಮಾಸಕ್ಕೆ ಅಂಚು ಕೆಂಪಾಗುತ್ತದೆ.